ಚೊಚ್ಚಲ ಕಾವಿನ ಹೇಂಟೆಗೆ

ಮೊದಲ ಸಲ ಕಾವಿಗೆ ಕೂತ ಹೇಂಟೆಯನ್ನು ಗಳಿಗೆಗೊಮ್ಮೆ ಎತ್ತಿ ನೋಡಬೇಡಿ. ಗೂಡಿಗಂಟಿ ಕೂತು, ಕೈ ಹತ್ತಿರ ಬಂದರೆ ಗರಿ ಉಬ್ಬಿಸಿ ಗುರ್ ಎಂದರೆ ಕಾವು ನಿಜವಾಗಿ ಹತ್ತಿದೆ ಎಂದೇ ಲೆಕ್ಕ. ನಾಟಿ ಹೇಂಟೆಗೆ 10–12 ಮೊಟ್ಟೆ ಸಾಕು. ಅವುಗಳಿಗೆ ಪೆನ್ಸಿಲ್ಲಿನಿಂದ ಗುರುತು ಹಾಕಿ; ಬೇರೆ ಕೋಳಿ ಬಂದು ಇಟ್ಟ ಹೊಸ ಮೊಟ್ಟೆಯನ್ನು ಅಂದಂದೇ ತೆಗೆಯಿರಿ. ದಿನಕ್ಕೊಮ್ಮೆ ಅದು ಎದ್ದು ಮೇಯಬೇಕು. ಏಳದಿದ್ದರೆ ನೀವೇ ಮೆಲ್ಲಗೆ ಎತ್ತಿ ಕಾಳು, ನೀರಿನ ಮುಂದೆ ಬಿಡಿ. ರೆಕ್ಕೆಯಡಿ ಮೊಟ್ಟೆ ಸಿಕ್ಕಿಕೊಂಡಿರಬಹುದು, ಮೊದಲು ಬಿಡಿಸಿಕೊಳ್ಳಿ. ಕಾಲು ಗಂಟೆ ಗೂಡು ಬಿಟ್ಟರೆ ಮೊಟ್ಟೆಗೇನೂ ಆಗದು, ಗಾಬರಿ ಬೇಡ. 18ನೇ ದಿನದಿಂದ ಮಾತ್ರ ಗೂಡಿಗೆ ಕೈ ಹಾಕಲೇಬೇಡಿ. 21ನೇ ದಿನದ ಹೊತ್ತಿಗೆ ಚಿಪ್ಪು ಬಿರಿದರೂ ಮರಿ ಹೊರಬರಲು ಹಲವು ಗಂಟೆ ಹಿಡಿಯುತ್ತದೆ. ಕನಿಕರಪಟ್ಟು ಚಿಪ್ಪು ಸುಲಿದರೆ ನೆತ್ತರು ಸೋರಿ ಮರಿ ಸತ್ತೀತು. ಮರಿಗಳಿಗೆ ನೀರನ್ನು ಆಳವಿಲ್ಲದ ತಟ್ಟೆಯಲ್ಲಿಡಿ.