ಬ್ರಿಟನ್ನಿನ ಜನರಂಜಕ ರಾಜಕೀಯವೂ ಬೈಸಿಕಲ್ ಸವಾರನೂ

(ಅಂತಿಮ ಬಿ.ಎ. ತರಗತಿ, ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ)

ಒಂದು ದೇಶದ ರಾಜಕೀಯವನ್ನು ಅರಿಯಬೇಕಾದರೆ ಅದರ ಪಾರ್ಲಿಮೆಂಟನ್ನೂ ಪಕ್ಷಗಳನ್ನೂ ಅಭ್ಯಾಸ ಮಾಡಬೇಕೆಂದು ನಾವು ರಾಜ್ಯಶಾಸ್ತ್ರದ ತರಗತಿಯಲ್ಲಿ ಕಲಿಯುತ್ತೇವೆ. ಅದು ಸರಿಯೇ. ಆದರೆ ಆ ದೇಶದ ಬೀದಿಯ ಕಡೆಗೂ ಸ್ವಲ್ಪ ಕಣ್ಣು ಹಾಯಿಸಿದರೆ ಗ್ರಂಥಗಳು ಹೇಳದ ಕೆಲವು ಸಂಗತಿಗಳು ತಿಳಿದುಬರುತ್ತವೆ. ಬೀದಿಯಲ್ಲಿ ಯಾರಿಗೆ ಎಷ್ಟು ಜಾಗ, ಯಾರು ಯಾರಿಗೆ ದಾರಿ ಬಿಡಬೇಕು, ಅಪಘಾತವಾದಾಗ ಯಾರ ಮಾತಿಗೆ ಬೆಲೆ ಹೆಚ್ಚು—ಇವೆಲ್ಲವೂ ರಾಜಕೀಯದ ಪ್ರಶ್ನೆಗಳೇ. ಇತ್ತೀಚಿನ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಬೈಸಿಕಲ್ ಸವಾರನು ಚುನಾವಣೆಯ ವಿಷಯವಾಗಿದ್ದಾನೆ. ಇದು ಹೇಗಾಯಿತು, ಏಕಾಯಿತು, ಇದರಿಂದ ನಾವು ತಿಳಿಯಬೇಕಾದುದೇನು ಎಂಬುದನ್ನು ನನ್ನ ಅಲ್ಪಮತಿಗೆ ತೋಚಿದಂತೆ ಈ ಲೇಖನದಲ್ಲಿ ವಿವೇಚಿಸುತ್ತೇನೆ.

ಜನರಂಜಕ ರಾಜಕೀಯವೆಂದರೇನು?

ಇಂಗ್ಲಿಷಿನಲ್ಲಿ 'ಪಾಪ್ಯುಲಿಸಂ' ಎಂದು ಕರೆಯುವುದನ್ನು ನಾನು ಇಲ್ಲಿ ಜನರಂಜಕ ರಾಜಕೀಯವೆಂದು ಕರೆದಿದ್ದೇನೆ. ಜನರನ್ನು ಮೆಚ್ಚಿಸುವುದಷ್ಟೇ ಇದರ ಲಕ್ಷಣವಲ್ಲ. ಹಾಗಿದ್ದರೆ ಎಲ್ಲ ಪಕ್ಷಗಳೂ ಈ ಗುಂಪಿಗೇ ಸೇರುತ್ತವೆ. ಡಚ್ ವಿದ್ವಾಂಸ ಕಾಸ್ ಮುಡ್ಡೆಯವರು ೨೦೦೪ರಲ್ಲಿ ಇದಕ್ಕೊಂದು ಲಕ್ಷಣವನ್ನು ಹೇಳಿದರು. ಅದರ ತಾತ್ಪರ್ಯವಿಷ್ಟು: ಸಮಾಜವು ಒಂದು ಕಡೆ ಶುದ್ಧರಾದ 'ಜನರು', ಇನ್ನೊಂದು ಕಡೆ ಭ್ರಷ್ಟರಾದ 'ಮೇಲಿನವರು' ಎಂದು ಎರಡೇ ಹೋಳಾಗಿದೆ ಎಂಬ ಭಾವನೆಯೇ ಇದರ ತಿರುಳು. ಇದು ಎಡಪಂಥದೊಡನೆಯೂ ಸೇರಬಲ್ಲುದು, ಬಲಪಂಥದೊಡನೆಯೂ ಸೇರಬಲ್ಲುದು. ಬಲಪಂಥದೊಡನೆ ಸೇರಿದಾಗ 'ಜನರು' ಎಂಬುದರ ಎಲ್ಲೆಯನ್ನು ದೇಶ, ಹುಟ್ಟು, ಸಂಪ್ರದಾಯಗಳ ಗೆರೆಯಿಂದ ಎಳೆಯಲಾಗುತ್ತದೆ. ಹೊರಗಿನಿಂದ ಬಂದವನ ಮೇಲೂ ಹೊಸ ಬಗೆಯ ಬಾಳ್ವೆಯ ಮೇಲೂ ಸಂಶಯ ಮೂಡುತ್ತದೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಈ ರಾಜಕೀಯಕ್ಕೆ ಕಣ್ಣಿಗೆ ಕಾಣುವ ಎದುರಾಳಿ ಬೇಕು. ಬ್ರಸೆಲ್ಸಿನ ಅಧಿಕಾರಿಯನ್ನು ಸಾಮಾನ್ಯ ಮತದಾರನು ಎಂದೂ ಕಂಡಿರಲಾರ. ತನ್ನ ಕಾರಿನ ಮುಂದೆ ನಿಧಾನವಾಗಿ ಹೋಗುತ್ತಿರುವ ಸೈಕಲ್ಲಿನವನನ್ನು ಅವನು ದಿನವೂ ಕಾಣುತ್ತಾನೆ.

ಬೆಳೆದು ಬಂದ ಬಗೆ

ಯುನೈಟೆಡ್ ಕಿಂಗ್‌ಡಂ ಇಂಡಿಪೆಂಡೆನ್ಸ್ ಪಾರ್ಟಿ ಸ್ಥಾಪಿತವಾದುದು ೧೯೯೩ರಲ್ಲಿ. ಯುರೋಪಿಯನ್ ಒಕ್ಕೂಟದಿಂದ ಹೊರಬರಬೇಕೆಂಬುದೇ ಅದರ ಮುಖ್ಯ ಉದ್ದೇಶ. ೨೦೧೪ರಲ್ಲಿ ಯುರೋಪಿಯನ್ ಪಾರ್ಲಿಮೆಂಟಿಗೆ ನಡೆದ ಚುನಾವಣೆಯಲ್ಲಿ ಬ್ರಿಟನ್ನಿನ ಎಲ್ಲ ಪಕ್ಷಗಳನ್ನೂ ಮೀರಿಸಿ ಅದು ಮೊದಲ ಸ್ಥಾನ ಪಡೆಯಿತು. ಆದರೆ ೨೦೧೫ರ ಮಹಾಚುನಾವಣೆಯಲ್ಲಿ ನೂರಕ್ಕೆ ಸುಮಾರು ೧೨.೬ರಷ್ಟು ಮತ ಬಂದರೂ ಅದಕ್ಕೆ ದಕ್ಕಿದುದು ಒಂದೇ ಸ್ಥಾನ. ೨೦೧೬ರ ಜೂನ್ ೨೩ರ ಜನಮತ ಸಂಗ್ರಹದಲ್ಲಿ ನೂರಕ್ಕೆ ೫೧.೯ರಷ್ಟು ಜನ ಒಕ್ಕೂಟದಿಂದ ಹೊರಬರುವುದಕ್ಕೆ ಮತವಿತ್ತರು. ಮುಂದೆ ನೈಜೆಲ್ ಫರಾಜ್ ಅವರ ಬ್ರೆಕ್ಸಿಟ್ ಪಕ್ಷವು ಹುಟ್ಟಿ, ೨೦೨೧ರಲ್ಲಿ ರಿಫಾರ್ಮ್ ಯುಕೆ ಎಂದು ಹೆಸರು ಬದಲಿಸಿಕೊಂಡಿತು. ೨೦೨೪ರ ಜುಲೈ ೪ರ ಚುನಾವಣೆಯಲ್ಲಿ ಈ ಪಕ್ಷಕ್ಕೆ ನೂರಕ್ಕೆ ೧೪ಕ್ಕೂ ಮಿಗಿಲಾದ ಮತಗಳೂ ಐದು ಸ್ಥಾನಗಳೂ ಲಭಿಸಿದುವು. ೨೦೨೫ರ ಮೇ ತಿಂಗಳ ಸ್ಥಳೀಯ ಚುನಾವಣೆಗಳಲ್ಲಿ ಹತ್ತು ಆಡಳಿತ ಮಂಡಲಿಗಳು ಅದರ ಕೈಸೇರಿದುವು.

ಒಂದು ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದ ಒಬ್ಬನೇ ಗೆಲ್ಲುವ ಪದ್ಧತಿ ಅಲ್ಲಿಯದು; ನಮ್ಮದೂ ಅದೇ. ಈ ಪದ್ಧತಿಯಲ್ಲಿ ಹರಡಿಕೊಂಡಿರುವ ಸಣ್ಣ ಪಕ್ಷ ಸ್ಥಾನ ಗೆಲ್ಲುವುದು ಕಷ್ಟ; ಆದರೆ ದೊಡ್ಡ ಪಕ್ಷದ ಮತಗಳನ್ನು ಒಡೆದು ಅದನ್ನು ಸೋಲಿಸುವುದು ಸುಲಭ. ಆದಕಾರಣ ಸಣ್ಣ ಪಕ್ಷದ ಬಲವಿರುವುದು ಅದು ಗೆಲ್ಲುವ ಸ್ಥಾನಗಳಲ್ಲಿ ಅಲ್ಲ, ಅದು ಹುಟ್ಟಿಸುವ ಹೆದರಿಕೆಯಲ್ಲಿ. ಹೆದರಿದ ದೊಡ್ಡ ಪಕ್ಷವು ಸಣ್ಣ ಪಕ್ಷದ ಮಾತುಗಳನ್ನೇ ಆಡತೊಡಗುತ್ತದೆ. ಬೈಸಿಕಲ್ಲಿನ ಕಥೆಯನ್ನು ತಿಳಿಯಲು ಈ ಸೂತ್ರವನ್ನು ನೆನಪಿನಲ್ಲಿಡಬೇಕು.

ಕೂಲಿಕಾರನ ವಾಹನ

ಬೈಸಿಕಲ್ಲು ಬ್ರಿಟನ್ನಿನಲ್ಲಿ ಶ್ರೀಮಂತರ ಹವ್ಯಾಸವೆಂಬ ಮಾತು ಈಗ ಅಲ್ಲಿ ಬಳಕೆಯಲ್ಲಿದೆ. ಇತಿಹಾಸವು ಬೇರೆಯೇ ಹೇಳುತ್ತದೆ. ೧೮೯೪ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಸಮಾಜವಾದಿ ತರುಣರು ಕ್ಲಾರಿಯನ್ ಎಂಬ ಸೈಕಲ್ ಸಂಘವನ್ನು ಕಟ್ಟಿ, ಭಾನುವಾರಗಳಲ್ಲಿ ಹಳ್ಳಿಹಳ್ಳಿಗೆ ಸೈಕಲ್ ತುಳಿದು ತಮ್ಮ ತತ್ತ್ವವನ್ನು ಸಾರಿದರು. ೧೯೪೯ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ವಾಹನಗಳು ಕ್ರಮಿಸಿದ ಒಟ್ಟು ದೂರದ ಸುಮಾರು ಮೂರನೆಯ ಒಂದು ಪಾಲು ಬೈಸಿಕಲ್ಲಿನದೇ ಆಗಿದ್ದಿತು. ಕಾರ್ಖಾನೆಯ ಗಂಟೆ ಹೊಡೆದೊಡನೆ ಬಾಗಿಲಿನಿಂದ ಹೊಳೆಯಂತೆ ಹೊರಬರುತ್ತಿದ್ದವರು ಸೈಕಲ್ ಹತ್ತಿದ ಕೂಲಿಕಾರರು. ಕಾರು ಎಲ್ಲರ ಕೈಗೆಟುಕಿದಂತೆ ಆ ಪಾಲು ಕುಸಿದು, ಈಗ ನೂರಕ್ಕೆ ಒಂದೆರಡಕ್ಕೆ ಇಳಿದಿದೆ.

ನಮ್ಮೂರಿನ ಹಿರಿಯರು ಇಂದಿಗೂ ಗೌರವದಿಂದ ನೆನೆಯುವ ರ‍್ಯಾಲಿ ಸೈಕಲ್ಲು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ್ದು. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿನ ಕಾರ್ಖಾನೆಯಲ್ಲಿ ಸಾವಿರಾರು ಜನ ದುಡಿಯುತ್ತಿದ್ದರು. ೨೦೦೨ರ ಹೊತ್ತಿಗೆ ಆ ನಗರದಲ್ಲಿ ಸೈಕಲ್ ತಯಾರಿಕೆ ನಿಂತೇ ಹೋಯಿತು. ಸುತ್ತಣ ಜಿಲ್ಲೆಯ ಕಲ್ಲಿದ್ದಲು ಗಣಿಗಳೂ ಮುಚ್ಚಿದುವು. ರಿಫಾರ್ಮ್ ಪಕ್ಷದ ಮೊದಲ ಪಾರ್ಲಿಮೆಂಟ್ ಸದಸ್ಯರು ಪ್ರತಿನಿಧಿಸಿದ ಆಶ್‌ಫೀಲ್ಡ್ ಕ್ಷೇತ್ರವು ಇದೇ ನಾಟಿಂಗ್‌ಹ್ಯಾಮ್‌ಷೈರಿನಲ್ಲಿದೆ. ೨೦೨೫ರಲ್ಲಿ ಆ ಪಕ್ಷಕ್ಕೆ ದೊರೆತ ಹತ್ತು ಮಂಡಲಿಗಳಲ್ಲಿ ಈ ಜಿಲ್ಲೆಯದೂ ಒಂದು. ಕೆಲಸ ಕಳೆದುಕೊಂಡ ಊರುಗಳ ಕೋಪಕ್ಕೆ ಆಧಾರವಿಲ್ಲವೆಂದು ಯಾರೂ ಹೇಳಲಾರರು. ಆದರೆ ಆ ಕೋಪವು ಸೈಕಲ್ಲಿನವನ ಕಡೆಗೂ ಹೊರಳಿದುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು.

ಒಂದೇ ಪಕ್ಷದ ಎರಡು ಮುಖಗಳು

ಬಲಪಂಥೀಯರೆಲ್ಲರೂ ಸೈಕಲ್ಲಿನ ವೈರಿಗಳೆಂದರೆ ತಪ್ಪಾಗುತ್ತದೆ. ಕನ್ಸರ್ವೇಟಿವ್ ಪಕ್ಷದ ಬೋರಿಸ್ ಜಾನ್ಸನ್ ಅವರು ಲಂಡನ್ನಿನ ಮೇಯರರಾಗಿದ್ದಾಗ ತಾವೇ ಸೈಕಲ್ ತುಳಿಯುತ್ತಿದ್ದರು. ಅವರ ಕಾಲದಲ್ಲಿ ೨೦೧೦ರಲ್ಲಿ ಅಲ್ಲಿ ಬಾಡಿಗೆ ಸೈಕಲ್ ವ್ಯವಸ್ಥೆ ಬಂದಿತು. ಥೇಮ್ಸ್ ನದಿಯ ದಡದಲ್ಲಿ ಪ್ರತ್ಯೇಕವಾದ ಸೈಕಲ್ ದಾರಿಯೂ ಆಯಿತು. ಪ್ರಧಾನಿಯಾದ ಮೇಲೆ ೨೦೨೦ರ ಜುಲೈಯಲ್ಲಿ ಅವರ ಸರಕಾರವು ನಡೆಯುವವರಿಗೂ ಸೈಕಲ್ಲಿನವರಿಗೂ ಇನ್ನೂರು ಕೋಟಿ ಪೌಂಡುಗಳ ಯೋಜನೆಯನ್ನು ಪ್ರಕಟಿಸಿತು. ಅದೇ ಕಾಲದಲ್ಲಿ ಅನೇಕ ನಗರಗಳಲ್ಲಿ 'ಕಡಿಮೆ ಸಂಚಾರದ ಬಡಾವಣೆ'ಗಳು ಹೆಚ್ಚಿದುವು. ವಾಸದ ಬೀದಿಗಳ ಮೂಲಕ ಅಡ್ಡದಾರಿ ಹಿಡಿದು ನುಗ್ಗುವ ಕಾರುಗಳನ್ನು ಕಂಬ, ಹೂಕುಂಡ ಅಥವಾ ಕ್ಯಾಮೆರಾ ಇಟ್ಟು ತಡೆಯುವುದೇ ಇದರ ಕ್ರಮ. ನಡೆಯುವವರಿಗೂ ಸೈಕಲ್ಲಿಗೂ ದಾರಿ ತೆರೆದೇ ಇರುತ್ತದೆ.

ಮೂರೇ ವರ್ಷಗಳಲ್ಲಿ ಗಾಳಿ ತಿರುಗಿತು. ೨೦೨೩ರ ಮಾರ್ಚಿಯಲ್ಲಿ ಇಂಗ್ಲೆಂಡಿನಲ್ಲಿ ನಡಿಗೆ ಮತ್ತು ಸೈಕಲ್ಲಿಗೆಂದು ಮೀಸಲಿಟ್ಟ ಹಣದಲ್ಲಿ ಭಾರಿ ಕಡಿತವಾಯಿತು. ಜುಲೈ ೨೦ರಂದು, ಜಾನ್ಸನ್ ಅವರೇ ತೆರವು ಮಾಡಿದ್ದ ಅಕ್ಸ್‌ಬ್ರಿಜ್ ಕ್ಷೇತ್ರಕ್ಕೆ ಮರುಚುನಾವಣೆ ನಡೆಯಿತು. ಹೊಗೆಯುಗುಳುವ ಹಳೆಯ ಕಾರುಗಳ ಮೇಲೆ ಲಂಡನ್ನಿನಲ್ಲಿ ದಿನಕ್ಕೆ ಹನ್ನೆರಡೂವರೆ ಪೌಂಡು ವಿಧಿಸುವ ವಲಯವನ್ನು ಹೊರವಲಯಕ್ಕೂ ವಿಸ್ತರಿಸುವುದೇ ಅಲ್ಲಿ ಮುಖ್ಯ ವಿವಾದ. ಕನ್ಸರ್ವೇಟಿವ್ ಅಭ್ಯರ್ಥಿಯು ೪೯೫ ಮತಗಳಿಂದ ಗೆದ್ದರು. ಅದೇ ದಿನ ಆ ಪಕ್ಷವು ಬೇರೆ ಎರಡು ಕ್ಷೇತ್ರಗಳನ್ನು ಕಳೆದುಕೊಂಡಿತ್ತು. ಈ ಒಂದು ಗೆಲವು ಮುಳುಗುವವನಿಗೆ ಹುಲ್ಲುಕಡ್ಡಿಯಾಯಿತು. ಹತ್ತೇ ದಿನಗಳಲ್ಲಿ ಪ್ರಧಾನಿ ರಿಷಿ ಸುನಕ್ ಅವರು ಕಡಿಮೆ ಸಂಚಾರದ ಬಡಾವಣೆಗಳ ಮರುಪರಿಶೀಲನೆಗೆ ಆಜ್ಞೆಯಿತ್ತರು. ಅಕ್ಟೋಬರಿನಲ್ಲಿ ವಾಹನ ಚಾಲಕರಿಗೆಂದೇ ಒಂದು ಯೋಜನೆ ಪ್ರಕಟವಾಯಿತು. ಆ ಪರಿಶೀಲನೆಯ ವರದಿ ೨೦೨೪ರ ಮಾರ್ಚಿಯಲ್ಲಿ ಹೊರಬಂದಾಗ, ಪರೀಕ್ಷಿಸಿದ ಬಡಾವಣೆಗಳಲ್ಲಿ ವಿರೋಧಿಗಳಿಗಿಂತ ಬೆಂಬಲಿಗರೇ ಹೆಚ್ಚೆಂದು ತಿಳಿಯಿತು. ಸರಕಾರ ಕೇಳಿದ ಪ್ರಶ್ನೆಗೆ ಸರಕಾರಕ್ಕೆ ಬೇಡವಾದ ಉತ್ತರ ಬಂದಿತ್ತು.

ನಾಲ್ಕು ಆಪಾದನೆಗಳು

ಮೊದಲನೆಯದು, ಸೈಕಲ್ಲಿನವನು ರಸ್ತೆ ತೆರಿಗೆ ಕೊಡುವುದಿಲ್ಲವೆಂಬುದು. ೧೯೦೯ರಲ್ಲಿ ಲಾಯ್ಡ್ ಜಾರ್ಜ್ ಅವರು ವಾಹನ ತೆರಿಗೆಯಿಂದ ರಸ್ತೆ ನಿಧಿಯೊಂದನ್ನು ಏರ್ಪಡಿಸಿದುದು ನಿಜ. ಆದರೆ ೧೯೨೦ರ ದಶಕದಲ್ಲಿ ಹಣಕಾಸಿನ ಮಂತ್ರಿಯಾಗಿದ್ದ ಚರ್ಚಿಲ್ ಅವರು ಆ ನಿಧಿಗೆ ಕೈಹಾಕಿದರು; ೧೯೩೭ರ ವೇಳೆಗೆ ತೆರಿಗೆಗೂ ರಸ್ತೆಗೂ ಇದ್ದ ನಂಟು ಕಡಿದುಹೋಯಿತು. ಅಂದಿನಿಂದ ರಸ್ತೆಗಳಿಗೆ ಹಣ ಬರುವುದು ಎಲ್ಲರೂ ಕೊಡುವ ಸಾಮಾನ್ಯ ತೆರಿಗೆಗಳಿಂದಲೂ ಸ್ಥಳೀಯ ತೆರಿಗೆಗಳಿಂದಲೂ. ಕಾಲ್ನಡಿಗೆಯ ಮುದುಕಿಯೂ ರಸ್ತೆಗೆ ಹಣ ಕೊಡುತ್ತಾಳೆ.

ಎರಡನೆಯದು, ಸೈಕಲ್ಲಿಗೆ ನಂಬರು ಬೇಕು, ವಿಮೆ ಬೇಕೆಂಬುದು. ೨೦೧೦ರಲ್ಲಿ ಇಂಡಿಪೆಂಡೆನ್ಸ್ ಪಾರ್ಟಿಯು ತನ್ನ ಸಾರಿಗೆ ನೀತಿಯಲ್ಲಿ, ವರ್ಷವರ್ಷವೂ ಹಣ ಕಟ್ಟಿ ಸೈಕಲ್ಲಿಗೆ ಅಂಟಿಸಬೇಕಾದ ನೋಂದಣಿ ಬಿಲ್ಲೆಯೊಂದನ್ನು ಸೂಚಿಸಿತ್ತು. ಆಗ ಅದನ್ನು ಯಾರೂ ಗಣನೆಗೆ ತರಲಿಲ್ಲ. ೨೦೨೨ರ ಆಗಸ್ಟಿನಲ್ಲಿ ಕನ್ಸರ್ವೇಟಿವ್ ಸಾರಿಗೆ ಮಂತ್ರಿ ಗ್ರಾಂಟ್ ಶಾಪ್ಸ್ ಅವರು ನಂಬರು, ವಿಮೆಗಳ ಮಾತನ್ನು ಪತ್ರಿಕೆಯೊಂದಕ್ಕೆ ಆಡಿದರು. ಮುಂದೆ ಆ ಮಾತು ಬಿದ್ದುಹೋಯಿತು. ಆದರೆ ಹನ್ನೆರಡು ವರ್ಷಗಳ ಹಿಂದೆ ಅಂಚಿನಲ್ಲಿದ್ದ ವಿಚಾರವು ಮಂತ್ರಿಯ ಬಾಯಿಗೆ ಬಂದುದು ನಾನು ಮೇಲೆ ಹೇಳಿದ ಸೂತ್ರಕ್ಕೆ ಹೊಂದಿಕೆಯಾಗಿದೆ. ನಮ್ಮ ಊರುಗಳಲ್ಲಿಯೂ ಹಿಂದೆ ಪುರಸಭೆಗಳು ಸೈಕಲ್ಲಿಗೆ ತೆರಿಗೆ ಹಾಕಿ ಬಿಲ್ಲೆ ಕೊಡುತ್ತಿದ್ದುವು. ಬಿಲ್ಲೆಯಿಲ್ಲದವನು ಸಂದಿಗೊಂದಿ ಹಿಡಿಯುತ್ತಿದ್ದನೆಂದು ಹಿರಿಯರು ನಗುತ್ತ ಹೇಳುತ್ತಾರೆ.

ಮೂರನೆಯದು ಎಲ್ಲಕ್ಕಿಂತ ವಿಚಿತ್ರ. ಅಂಗಡಿ, ಶಾಲೆ, ವೈದ್ಯರು ಎಲ್ಲವೂ ಮನೆಯಿಂದ ಹದಿನೈದು ನಿಮಿಷಗಳ ನಡಿಗೆ ಅಥವಾ ಸೈಕಲ್ ಸವಾರಿಯ ದೂರದಲ್ಲಿರಬೇಕೆಂಬುದು ಪ್ಯಾರಿಸಿನ ಪ್ರಾಧ್ಯಾಪಕ ಕಾರ್ಲೋಸ್ ಮೊರೆನೊ ಅವರ ನಗರಯೋಜನೆಯ ವಿಚಾರ. ಇದು ಜನರನ್ನು ಬಡಾವಣೆಯೊಳಗೆ ಕೂಡಿಹಾಕುವ ಸಂಚೆಂದು ವದಂತಿ ಹಬ್ಬಿ, ೨೦೨೩ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನ ಬೀದಿಗಳಲ್ಲಿ ಸಾವಿರಾರು ಜನ ಮೆರವಣಿಗೆ ನಡೆಸಿದರು. ಆ ವರ್ಷದ ಅಕ್ಟೋಬರಿನಲ್ಲಿ ಸಾರಿಗೆ ಮಂತ್ರಿ ಮಾರ್ಕ್ ಹಾರ್ಪರ್ ಅವರೇ ಪಕ್ಷದ ಸಮ್ಮೇಳನದಲ್ಲಿ, ನೀವು ಎಷ್ಟು ಸಲ ಅಂಗಡಿಗೆ ಹೋಗಬೇಕೆಂಬುದನ್ನು ಸ್ಥಳೀಯ ಮಂಡಲಿಗಳು ನಿರ್ಧರಿಸಹುದೆಂಬ ಅರ್ಥ ಬರುವಂತೆ ಎಚ್ಚರಿಕೆ ನೀಡಿದರು. ಅಂಥ ಯೋಜನೆ ಯಾವ ಮಂಡಲಿಯಲ್ಲಿಯೂ ಇರಲಿಲ್ಲ.

ನಾಲ್ಕನೆಯದು, 'ಚಾಲಕರ ಮೇಲೆ ಯುದ್ಧ' ನಡೆಯುತ್ತಿದೆಯೆಂಬ ಕೂಗು. ೨೦೧೦ರಲ್ಲಿಯೇ ಫಿಲಿಪ್ ಹ್ಯಾಮಂಡ್ ಎಂಬ ಮಂತ್ರಿಯವರು ಈ ಯುದ್ಧ ಮುಗಿಯಿತೆಂದು ಸಾರಿದ್ದರು. ೨೦೧೧ರಿಂದ ಹಲವಾರು ವರ್ಷ ಪೆಟ್ರೋಲಿನ ಸುಂಕವನ್ನು ಏರಿಸಲೇ ಇಲ್ಲ. ೨೦೨೨ರಲ್ಲಿ ಲೀಟರಿಗೆ ಐದು ಪೆನ್ಸ್ ಇಳಿಸಿದರು. ಯುದ್ಧವೆಂಬ ಮಾತಿಗೆ ಗಾಯಾಳುಗಳ ಲೆಕ್ಕ ಬೇಕಷ್ಟೆ. ೨೦೨೩ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತ ಸೈಕಲ್ ಸವಾರರ ಸಂಖ್ಯೆ ೮೭.

ರಿಫಾರ್ಮ್ ಪಕ್ಷವು ೨೦೨೪ರ ತನ್ನ ಪ್ರಣಾಳಿಕೆಯಲ್ಲಿ ಕಡಿಮೆ ಸಂಚಾರದ ಬಡಾವಣೆಗಳನ್ನು ಕಾನೂನಿನಿಂದ ನಿಷೇಧಿಸುವುದಾಗಿ ಹೇಳಿತು. ೨೦೨೫ರಲ್ಲಿ ಹತ್ತು ಮಂಡಲಿಗಳನ್ನು ಗೆದ್ದೊಡನೆ ಅದರ ಮುಖಂಡರು ಅಲ್ಲೆಲ್ಲ ಅವುಗಳನ್ನು ತೆಗೆಸುತ್ತೇವೆಂದು ಘೋಷಿಸಿದರು. ಪತ್ರಿಕೆಯವರು ವಿಚಾರಿಸಿದಾಗ, ಆ ಹತ್ತು ಕಡೆಗಳಲ್ಲಿ ಅಂಥ ಬಡಾವಣೆ ಒಂದೂ ಇಲ್ಲವೆಂದು ಗೊತ್ತಾಯಿತು! ಇಲ್ಲದ ಹಾವಿಗೆ ಕೋಲೆತ್ತಿದ ಈ ಪ್ರಸಂಗವು ನಗೆಯನ್ನು ತರಿಸಿದರೂ, ಜನರಂಜಕ ರಾಜಕೀಯದ ಗುಟ್ಟನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಉದಾಹರಣೆ ನನಗೆ ದೊರೆತಿಲ್ಲ. ಹಾವು ಇರುವುದು ಮುಖ್ಯವಲ್ಲ, ಕೋಲೆತ್ತಿದುದು ಕಾಣಬೇಕು.

ಎದುರು ಪಕ್ಷದ ನ್ಯಾಯ

ಇಷ್ಟು ಹೇಳಿ ಸೈಕಲ್ಲಿನವರದೆಲ್ಲವೂ ಸರಿಯೆಂದು ತೀರ್ಪು ಕೊಟ್ಟರೆ ಅದು ಅಧ್ಯಯನವಾಗದು, ವಕಾಲತ್ತಾಗುತ್ತದೆ. ಕೆಂಪು ದೀಪವನ್ನು ಲೆಕ್ಕಿಸದೆ ನುಗ್ಗುವ ಸವಾರರು ಅಲ್ಲಿ ಇದ್ದಾರೆ. ಅವರಿಂದ ಪಾದಚಾರಿಗಳು ಸತ್ತ ಪ್ರಸಂಗಗಳು ವಿರಳವಾದರೂ ಉಂಟು. ೨೦೨೦ರಲ್ಲಿ ಅನೇಕ ಬಡಾವಣೆಗಳನ್ನು ಕೊರೊನಾದ ತುರ್ತಿನ ಹೆಸರಿನಲ್ಲಿ, ನಿವಾಸಿಗಳ ಮಾತನ್ನು ಸರಿಯಾಗಿ ಕೇಳದೆಯೇ ಮಾಡಿದರು. ಬೆಳಗ್ಗೆ ಎದ್ದು ಬಾಗಿಲು ತೆರೆದಾಗ ಬೀದಿಗೆ ಅಡ್ಡವಾಗಿ ಹೂಕುಂಡವಿದ್ದರೆ ಯಾರಿಗಾದರೂ ಸಿಟ್ಟು ಬಂದೀತು. ೧೯೮೬ರಲ್ಲಿ ಲಂಡನ್ನಿನ ಹೊರಗಣ ಬಸ್ಸುಗಳನ್ನು ಖಾಸಗಿ ಪೈಪೋಟಿಗೆ ಬಿಟ್ಟ ಮೇಲೆ ಎಷ್ಟೋ ಹಳ್ಳಿಗಳಿಗೆ ಬಸ್ಸು ಅಪರೂಪವಾಯಿತು. ಅಂಥ ಹಳ್ಳಿಯವನಿಗೆ ಕಾರು ಶೋಕಿಯಲ್ಲ, ಅನ್ನದ ದಾರಿ. ಅವನನ್ನು ಹೀಯಾಳಿಸಿದವರು ಅವನ ಮತವನ್ನು ತಾವೇ ಎದುರಾಳಿಗೆ ದಾನ ಮಾಡಿದಂತೆ.

ಆದರೆ 'ಸಾಮಾನ್ಯ ಜನ'ರೆಂದರೆ ಕಾರಿನವರು ಮಾತ್ರವೇ? ಇಂಗ್ಲೆಂಡಿನಲ್ಲಿ ಐದು ಮನೆಗಳಲ್ಲಿ ಒಂದಕ್ಕೂ ಮಿಗಿಲಾಗಿ ಕಾರೇ ಇಲ್ಲ. ಬಡವರ ಮನೆಗಳಲ್ಲಿ ಈ ಪಾಲು ಇನ್ನೂ ದೊಡ್ಡದು. ಜನರ ಹೆಸರಿನಲ್ಲಿ ಮಾತನಾಡುವವರು ಈ ಜನರನ್ನು ಎಣಿಕೆಯಿಂದಲೇ ಬಿಟ್ಟಿದ್ದಾರೆ. ಜನರಂಜಕ ರಾಜಕೀಯದ ಮೂಲದೋಷ ನನಗೆ ಕಾಣುವುದು ಇಲ್ಲಿಯೇ.

ಈ ವಿಷಯ ನನ್ನ ಮನಸ್ಸಿಗೆ ಹತ್ತಿರವಾದುದಕ್ಕೆ ಕಾರಣವಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ೨೦೦೬-೦೭ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಉಚಿತ ಸೈಕಲ್ ಯೋಜನೆಯಿಂದ ಎಂಟನೆಯ ತರಗತಿಯಲ್ಲಿ ನನಗೊಂದು ಸೈಕಲ್ಲು ಸಿಕ್ಕದಿದ್ದರೆ, ಏಳು ಕಿಲೋಮೀಟರು ದೂರದ ಪ್ರೌಢಶಾಲೆಯನ್ನು ಮುಗಿಸುತ್ತಿದ್ದೆನೋ ಇಲ್ಲವೋ ಹೇಳಲಾರೆ. ನನ್ನ ತರುವಾಯ ಅದೇ ಸೈಕಲ್ಲನ್ನು ತಂಗಿ ತುಳಿದಳು. ಹೆದ್ದಾರಿಯಲ್ಲಿ ಅವಳು ಮನೆ ಸೇರುವವರೆಗೆ ತಾಯಿ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಆ ಕಾತರಕ್ಕೆ ಎಡಪಂಥವೂ ಇಲ್ಲ, ಬಲಪಂಥವೂ ಇಲ್ಲ.

ಉಪಸಂಹಾರ

ವೇಲ್ಸಿನ ಅನುಭವವನ್ನು ಹೇಳಿ ಮುಗಿಸುತ್ತೇನೆ. ೨೦೨೩ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸರಕಾರವು ಜನವಸತಿಯ ಬೀದಿಗಳಲ್ಲಿ ವೇಗದ ಮಿತಿಯನ್ನು ಗಂಟೆಗೆ ೩೦ ಮೈಲಿಯಿಂದ ೨೦ ಮೈಲಿಗೆ ಇಳಿಸಿತು. ನಾಲ್ಕೂವರೆ ಲಕ್ಷಕ್ಕೂ ಮಿಕ್ಕಿದ ಜನ ವಿರೋಧಿಸಿ ಸಹಿ ಹಾಕಿದರು. ಸರಕಾರವು ಆ ಸಹಿಗಳನ್ನು ಕಡೆಗಣಿಸದೆ, ಕೆಲವು ರಸ್ತೆಗಳಿಗೆ ಹಳೆಯ ಮಿತಿಯನ್ನು ಮರಳಿಸಲು ಸ್ಥಳೀಯ ಮಂಡಲಿಗಳಿಗೆ ಅವಕಾಶವಿತ್ತಿತು. ಆದರೆ ಮೂಲ ನಿಯಮವನ್ನು ಕೈಬಿಡಲಿಲ್ಲ. ಅಂಥ ರಸ್ತೆಗಳಲ್ಲಿ ಸತ್ತವರ ಮತ್ತು ಗಾಯಗೊಂಡವರ ಒಟ್ಟು ಸಂಖ್ಯೆ ಸುಮಾರು ಕಾಲುಭಾಗದಷ್ಟು ತಗ್ಗಿತು. ಜನರ ಮಾತು ಕೇಳುವುದು, ಕೇಳಿದ ಮೇಲೂ ಜನರ ಪ್ರಾಣವನ್ನು ಮರೆಯದಿರುವುದು—ಪ್ರಜಾಪ್ರಭುತ್ವಕ್ಕೆ ಎರಡೂ ಬೇಕು.

ಸಹಪಾಠಿಗಳೇ, ಇನ್ನು ಕೆಲವೇ ತಿಂಗಳಲ್ಲಿ ನಮ್ಮಲ್ಲಿ ಅನೇಕರು ಪದವೀಧರರಾಗುತ್ತೇವೆ. ಮತದಾರರಂತೂ ಆಗಿಯೇ ಇದ್ದೇವೆ. ಯಾವ ಪಕ್ಷದ ನಾಯಕರೇ ಆಗಲಿ ವೇದಿಕೆಯ ಮೇಲೆ ನಿಂತು 'ಜನರು' ಎಂದಾಗ, ಆ ಮಾತಿನೊಳಗೆ ಯಾರು ಇದ್ದಾರೆ, ಯಾರನ್ನು ಹೊರಗೆ ನಿಲ್ಲಿಸಲಾಗಿದೆ ಎಂದು ಕೇಳುವ ಅಭ್ಯಾಸವನ್ನು ನಾವು ಬೆಳೆಸಿಕೊಳ್ಳಬೇಕು. ನಮ್ಮ ಗುರುಗಳು ಮೂರು ವರ್ಷ ನಮಗೆ ಕಲಿಸಿದ ರಾಜ್ಯಶಾಸ್ತ್ರದ ಪ್ರಯೋಜನ ಅದೇ ಎಂದು ನಾನು ಭಾವಿಸಿದ್ದೇನೆ.