ಮಳೆ ನೋಡಿ ಹುಲ್ಲಿಗೆ ಗೊಬ್ಬರ

ನಂಜನಗೂಡಿನ ಹೊಸ ಬಡಾವಣೆಗಳಲ್ಲಿ ಮನೆ ಮುಂದೆ ಒಂದಿಷ್ಟು ಜಾಗ ಉಳಿದರೆ ಅಲ್ಲಿ ಲಾನ್ ಹಾಸುವುದು ಈಗ ಸಾಮಾನ್ಯ. ಮೈಸೂರು ರಸ್ತೆಯ ಕಲ್ಯಾಣ ಮಂಟಪಗಳಲ್ಲಿ, ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಮುಂದೆ, ತಿ.ನರಸೀಪುರದ ಶಾಲಾ ಆವರಣಗಳಲ್ಲಿ ಎಕರೆಗಟ್ಟಲೆ ಹುಲ್ಲುಹಾಸಿದೆ. ಹಾಸುವಾಗ ಇರುವ ಉತ್ಸಾಹ ಸಾಕುವಾಗ ಇರುವುದಿಲ್ಲ. ಹಳದಿ ತಿರುಗಿತು ಎಂದ ಕೂಡಲೇ ಅಂಗಡಿಯಿಂದ ಯೂರಿಯಾ ತಂದು ಎರಚುತ್ತಾರೆ. ಏಪ್ರಿಲ್ ಬಿಸಿಲಿನಲ್ಲಿ ಹಾಗೆ ಎರಚಿದರೆ ಹುಲ್ಲು ವಾರದೊಳಗೆ ಸುಟ್ಟು ಕಂದಾಗುತ್ತದೆ. ಗೊಬ್ಬರದಲ್ಲಿ ದೋಷವಿಲ್ಲ, ಹಾಕಿದ ಕಾಲ ತಪ್ಪು.

ವಿದೇಶದ ಕೈಪಿಡಿಗಳನ್ನು ಓದಿ ಗೊಬ್ಬರ ಹಾಕುವವರೂ ಇದ್ದಾರೆ. ಚಳಿಗಾಲದ ಮುಂಚೆ ಹುಲ್ಲಿಗೆ ಹೊಟ್ಟೆ ತುಂಬ ಕೊಡಿ ಎಂದು ಅಲ್ಲಿ ಬರೆದಿರುತ್ತದೆ. ಅದು ರೈ, ಫೆಸ್ಕ್ಯೂ ಮುಂತಾದ ತಂಪು ನಾಡಿನ ಹುಲ್ಲುಗಳ ಲೆಕ್ಕ. ನಮ್ಮೂರಿನ ಹೆದ್ದಾರಿಯಲ್ಲೇ ಗುಂಡ್ಲುಪೇಟೆ ದಾಟಿ ಊಟಿ ಹತ್ತಿದರೆ ಆ ಲೆಕ್ಕಕ್ಕೆ ಅರ್ಥವಿದೆ. ಊಟಿ 2,200 ಮೀಟರಿಗಿಂತ ಎತ್ತರದಲ್ಲಿದೆ. ಕಪಿಲೆಯ ದಡದಲ್ಲಿ ನಾವು ಬೆಳೆಸುವುದೆಲ್ಲ ಬಿಸಿಲು ನಾಡಿನ ಹುಲ್ಲು. ಅದು ಉತ್ಸಾಹದಿಂದ ಚಿಗುರುವುದು 27ರಿಂದ 35 ಡಿಗ್ರಿ ಶಾಖದಲ್ಲಿ, ಅದೂ ನೆಲದಲ್ಲಿ ತೇವವಿದ್ದಾಗ. ಆದ್ದರಿಂದ ನಮ್ಮ ಲಾನಿಗೆ ತಿಂಗಳ ಕ್ಯಾಲೆಂಡರಿಗಿಂತ ಪಂಚಾಂಗದ ಮಳೆ ನಕ್ಷತ್ರಗಳೇ ಒಳ್ಳೆಯ ದಾರಿ. ಹೊಲಕ್ಕೆ ಅದನ್ನೇ ನೋಡುವ ನಾವು ಅಂಗಳಕ್ಕೆ ಏಕೆ ನೋಡಬಾರದು?

ನಿಮ್ಮಲ್ಲಿರುವುದು ಯಾವ ಹುಲ್ಲು?

ನರ್ಸರಿಯವರು ಹೇಳಿದ ಹೆಸರನ್ನು ನಂಬಿ ಕೂರಬೇಡಿ, ಎಲೆ ನೋಡಿ. ಸಣ್ಣ ಎಲೆ, ನೆಲದ ಮೇಲೂ ಒಳಗೂ ಹರಿಯುವ ಬಳ್ಳಿ, ಗಣಪತಿ ಪೂಜೆಗೆ ಕಿತ್ತುಕೊಳ್ಳುವಂಥದ್ದು ಇದ್ದರೆ ಅದು ಗರಿಕೆ. ನರ್ಸರಿಯಲ್ಲಿ ಬರ್ಮುಡಾ ಎನ್ನುತ್ತಾರೆ. ಎಲೆ ತುಸು ಗಡುಸಾಗಿ, ದಟ್ಟವಾಗಿ, ಕಾಲಿಟ್ಟರೆ ಮೆತ್ತೆಯಂತೆ ಒತ್ತುವುದು ಮೆಕ್ಸಿಕನ್ ಅಥವಾ ಕೊರಿಯನ್ ಎಂದು ಮಾರುವ ಹುಲ್ಲು. ಇವೆರಡೂ ಜೋಯ್ಸಿಯಾ ಕುಲದವು, ಮುಂದೆ ಎರಡಕ್ಕೂ ಮೆಕ್ಸಿಕನ್ ಎಂದೇ ಹೇಳುತ್ತೇನೆ. ಎಲೆ ಬೆರಳಗಲದ ಹತ್ತಿರವಿದ್ದು, ತೆಂಗಿನ ಮರದ ಕೆಳಗಿನ ಅರೆನೆರಳಲ್ಲೂ ಹಬ್ಬುತ್ತಿದ್ದರೆ ಅದು ಬಫಲೋ ಹುಲ್ಲು.

ಇವುಗಳ ಹಸಿವು ಒಂದೇ ಅಲ್ಲ. ಗರಿಕೆ ತಿಂದಷ್ಟೂ ಅರಗಿಸಿಕೊಳ್ಳುತ್ತದೆ, ವರ್ಷಕ್ಕೆ ನಾಲ್ಕೈದು ಸಲ ಮೇಲುಗೊಬ್ಬರ ಬೇಡುತ್ತದೆ. ಬಫಲೋಗೆ ಮೂರು ಸಲ ಸಾಕು. ಮೆಕ್ಸಿಕನ್ ಹುಲ್ಲಿಗೆ ಎರಡು, ಹೆಚ್ಚೆಂದರೆ ಮೂರು. ಮೆಕ್ಸಿಕನ್ ಹುಲ್ಲಿಗೆ ಹೆಚ್ಚು ಯೂರಿಯಾ ಕೊಟ್ಟರೆ ಬುಡದಲ್ಲಿ ಒಣ ಬೇರು-ಬಳ್ಳಿಗಳ ಪದರ ಕಟ್ಟಿಕೊಳ್ಳುತ್ತದೆ. ಆಮೇಲೆ ಹಾಕಿದ ನೀರೂ ಗೊಬ್ಬರವೂ ಆ ಪದರದಲ್ಲೇ ನಿಂತು ಮಣ್ಣಿಗೆ ಇಳಿಯುವುದಿಲ್ಲ. ಮೇಲೆ ಹಸಿರು, ಕೆಳಗೆ ಸತ್ತ ಹುಲ್ಲು ಕಂಡರೆ ಕಾರಣ ಬಹುತೇಕ ಇದೇ. ದುಬಾರಿ ಹುಲ್ಲಿಗೆ ಹೆಚ್ಚು ಗೊಬ್ಬರ ಬೇಕು ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ.

ಅಳತೆ: ಗುಂಟೆಯ ಲೆಕ್ಕ

ಒಂದು ಗುಂಟೆ ಎಂದರೆ 1,089 ಚದರಡಿ. ಈ ಲೇಖನದಲ್ಲಿ ಹೇಳುವ ಅಳತೆಯೆಲ್ಲ ಗುಂಟೆಗೆ. ನಿಮ್ಮ ಲಾನ್ 250 ಚದರಡಿ ಇದ್ದರೆ ಕಾಲು ಭಾಗ ಮಾಡಿಕೊಳ್ಳಿ.

ಒಂದು ಸಲದ ಮೇಲುಗೊಬ್ಬರ ಅರ್ಧ ಕೆ.ಜಿ. ಯೂರಿಯಾ. ಯೂರಿಯಾದಲ್ಲಿ ಸಾರಜನಕ ಶೇ 46ರಷ್ಟಿರುವುದರಿಂದ ಹುಲ್ಲಿಗೆ ಸುಮಾರು 230 ಗ್ರಾಂ ಸಾರಜನಕ ಸಿಗುತ್ತದೆ. ಅದಕ್ಕಿಂತ ಹೆಚ್ಚು ಒಮ್ಮೆಗೇ ಬೇಡ. ಮೂರು ಪೋಷಕಾಂಶಗಳೂ ಇರಲಿ ಎನ್ನುವ ಸಲಕ್ಕೆ 17:17:17 ಗೊಬ್ಬರ ಒಂದೂಕಾಲು ಕೆ.ಜಿ. ಸಾಕು. ಡಿಎಪಿ ಲಾನಿಗೆ ಸಾಮಾನ್ಯವಾಗಿ ಬೇಕಿಲ್ಲ. ಅದರಲ್ಲಿರುವ ಶೇ 46ರಷ್ಟು ರಂಜಕವನ್ನು ಬೆಳೆದು ನಿಂತ ಹುಲ್ಲು ಬಳಸಿಕೊಳ್ಳುವುದು ತೀರಾ ಸ್ವಲ್ಪ.

ರಾಸಾಯನಿಕ ಬೇಡ ಎನ್ನುವವರಿಗೆ ಹೊಂಗೆ ಹಿಂಡಿ ನಮ್ಮ ಸೀಮೆಯಲ್ಲಿ ಸಿಗುವ ಒಳ್ಳೆಯ ಗೊಬ್ಬರ. ಅರ್ಧ ಕೆ.ಜಿ. ಯೂರಿಯಾದ ಸಾರಜನಕ ಬೇಕಿದ್ದರೆ ಐದಾರು ಕೆ.ಜಿ. ಹಿಂಡಿ ಹಾಕಬೇಕು. ಪುಡಿ ಮಾಡಿ, ಜರಡಿ ಹಿಡಿದು ಎರಚಬೇಕು. ಅದು ಕೊಳೆತು ಹುಲ್ಲಿಗೆ ದಕ್ಕಲು ಎರಡು ಮೂರು ವಾರ ಹಿಡಿಯುತ್ತದೆ, ಆದ್ದರಿಂದ ಕೆಳಗೆ ಹೇಳುವ ಕಾಲಕ್ಕಿಂತ ಅಷ್ಟು ಮುಂಚೆ ಹಾಕಿ.

ಮೊದಲು ಮಣ್ಣು ಪರೀಕ್ಷೆ

ನಂಜನಗೂಡು, ನರಸೀಪುರ ತಾಲ್ಲೂಕುಗಳಲ್ಲಿ ಮಣ್ಣು ಊರಿಂದೂರಿಗೆ ಬದಲಾಗುತ್ತದೆ. ದಿಣ್ಣೆಯ ಮೇಲೆ ಮರಳು ಬೆರೆತ ಕೆಂಪು ಮಣ್ಣು. ರಸಬಾಳೆಗೆ ಹೆಸರಾದ ದೇವರಸನಹಳ್ಳಿ ಕಡೆ, ನದಿ-ನಾಲೆಗಳ ತಗ್ಗಿನಲ್ಲಿ ಜಿಗುಟು ಕಪ್ಪು ಮಣ್ಣು. ಕೆಂಪು ಮಣ್ಣಿನಲ್ಲಿ ಗೊಬ್ಬರ ನೀರಿನ ಜೊತೆ ಬೇಗ ಕೆಳಗಿಳಿದು ಹೋಗುತ್ತದೆ. ಅಲ್ಲಿ ಅರ್ಧ ಕೆ.ಜಿ.ಯನ್ನು ಎರಡು ಪಾಲು ಮಾಡಿ ಹದಿನೈದು ದಿನಗಳ ಅಂತರದಲ್ಲಿ ಕೊಡುವುದು ಲೇಸು. ಕಪ್ಪು ಮಣ್ಣು ಗೊಬ್ಬರವನ್ನು ಹಿಡಿದಿಡುತ್ತದೆ, ಆದರೆ ಕ್ಷಾರ ಹೆಚ್ಚಿದ್ದರೆ ಮೇಲೆಯೇ ಬಿಟ್ಟ ಯೂರಿಯಾ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಅಂಥ ಕಡೆ ಯೂರಿಯಾ ಬದಲು ಅಮೋನಿಯಂ ಸಲ್ಫೇಟ್ ಒಂದು ಕೆ.ಜಿ.ಗಿಂತ ತುಸು ಹೆಚ್ಚು ಹಾಕಿದರೆ ಅಷ್ಟೇ ಸಾರಜನಕ ಸಿಗುತ್ತದೆ, ಗಂಧಕವೂ ದಕ್ಕುತ್ತದೆ, ಕ್ಷಾರವೂ ತುಸು ತಗ್ಗುತ್ತದೆ.

ಮಾರ್ಚ್‌ನಲ್ಲಿ ಗೊಬ್ಬರ ಹಾಕುವ ಮುಂಚೆ, ಲಾನಿನ ಎಂಟು ಹತ್ತು ಕಡೆ ನಾಲ್ಕು ಅಂಗುಲ ಆಳದ ಮಣ್ಣು ತೆಗೆದು, ಬೇರು ಕಲ್ಲು ಆರಿಸಿ, ನೆರಳಲ್ಲಿ ಒಣಗಿಸಿ, ಚೆನ್ನಾಗಿ ಬೆರೆಸಿ ಅರ್ಧ ಕೆ.ಜಿ. ಉಳಿಸಿಕೊಳ್ಳಿ. ಪರೀಕ್ಷೆಯ ಬಗ್ಗೆ ಕೇಳಲು ಸುತ್ತೂರಿನ ಜೆಎಸ್ಎಸ್ ಕೃಷಿ ವಿಜ್ಞಾನ ಕೇಂದ್ರ ನಂಜನಗೂಡು ತಾಲ್ಲೂಕಿನಲ್ಲೇ ಇದೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೂ ವಿಚಾರಿಸಬಹುದು. ಫಲಿತಾಂಶದಲ್ಲಿ ರಂಜಕ, ಪೊಟ್ಯಾಷ್ ಸಾಕಷ್ಟಿದೆ ಎಂದು ಬಂದರೆ 17:17:17ಕ್ಕೆ ದುಡ್ಡು ಹಾಕಬೇಡಿ, ಯೂರಿಯಾ ಒಂದೇ ಸಾಕು.

ಯುಗಾದಿಯಿಂದ ಭರಣಿವರೆಗೆ: ಸಿದ್ಧತೆ ಮಾತ್ರ

ಮಾರ್ಚ್ ಕೊನೆ, ಏಪ್ರಿಲ್ ಎಂದರೆ 35 ಡಿಗ್ರಿ ಮುಟ್ಟುವ ಬಿಸಿಲು, ಕೊಳವೆಬಾವಿಯಲ್ಲಿ ನೀರಿನ ಕೊರತೆ. ಹುಲ್ಲು ಆಗ ಜೀವ ಹಿಡಿದುಕೊಂಡಿರುತ್ತದೆ. ಕುಂಟೆಯಂಥ ಹಲ್ಲಿನ ಸಲಕರಣೆಯಿಂದ ಬುಡದ ಒಣ ಪದರವನ್ನು ಕೆರೆದು ತೆಗೆಯಿರಿ. ಮೆಕ್ಸಿಕನ್ ಹುಲ್ಲಿದ್ದವರು ಇದನ್ನು ತಪ್ಪಿಸುವಂತಿಲ್ಲ. ಆಮೇಲೆ ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಜರಡಿ ಹಿಡಿದು, ಕೆಂಪು ಮಣ್ಣಿನ ಜೊತೆ ಬೆರೆಸಿ, ಹುಲ್ಲಿನ ತುದಿ ಕಾಣುವಷ್ಟು ತೆಳ್ಳಗೆ ಹರಡಿ.

ಕಳಿತ ಗೊಬ್ಬರ ಎಂದದ್ದನ್ನು ಒತ್ತಿ ಹೇಳುತ್ತೇನೆ. ಹಸಿ ಗೊಬ್ಬರ ತಂದರೆ ಗೊಣ್ಣೆಹುಳು ಜೊತೆಗೇ ಬರುತ್ತದೆ. ಮೊದಲ ಮಳೆಗೆ ದುಂಬಿ ಎದ್ದು ಮೊಟ್ಟೆಯಿಟ್ಟು, ಆಗಸ್ಟ್ ಹೊತ್ತಿಗೆ ಬೇರು ತಿಂದ ಹುಲ್ಲು ಚಾಪೆಯಂತೆ ಕೈಗೆ ಎದ್ದು ಬರುತ್ತದೆ. ಕಳೆ ಬೀಜದ ಕಾಟವೂ ಇದೆ. ಕೊನ್ನಾರಿ ಗಡ್ಡೆ ಒಮ್ಮೆ ಲಾನಿಗೆ ಹೊಕ್ಕರೆ ಹೊರಹಾಕುವುದು ವರ್ಷಗಳ ಕೆಲಸ. ಎರೆಹುಳು ಗೊಬ್ಬರ ತುಸು ದುಬಾರಿ, ಆದರೆ ಮನೆ ಮುಂದಿನ ಸಣ್ಣ ಲಾನಿಗೆ ಅದೇ ಕ್ಷೇಮ.

ಕೃತ್ತಿಕೆ, ರೋಹಿಣಿ: ವರ್ಷದ ಮೊದಲ ಊಟ

ಭರಣಿ ಮಳೆ ಏಪ್ರಿಲ್ ಕೊನೆಯ ವಾರ ಕೂಡುತ್ತದೆ, ಕೃತ್ತಿಕೆ ಮೇ 11ರ ಸುಮಾರಿಗೆ. ಗುಡುಗಿನ ಒಂದು ಮಳೆ ಬಿದ್ದೊಡನೆ ಓಡಬೇಡಿ. ಎರಡು ಹದ ಮಳೆಯಾಗಿ, ಕಡ್ಡಿ ಚುಚ್ಚಿದರೆ ಮೂರು ನಾಲ್ಕು ಅಂಗುಲ ಸಲೀಸಾಗಿ ಇಳಿದು, ಹೊಸ ಚಿಗುರು ಕಂಡ ಮೇಲೆ ಒಮ್ಮೆ ಹುಲ್ಲು ಕತ್ತರಿಸಿ, ನಾಲ್ಕು ದಿನ ಬಿಟ್ಟು 17:17:17 ಹಾಕಿ. ಇದು ಮೂರು ಹುಲ್ಲಿಗೂ ಅನ್ವಯ.

ರೋಹಿಣಿ ಕಳೆದು ಮೃಗಶಿರ ಹೊತ್ತಿಗೆ, ಎಂದರೆ ಜೂನ್ ಎರಡನೇ ವಾರ, ಗರಿಕೆಗೆ ಅರ್ಧ ಕೆ.ಜಿ. ಯೂರಿಯಾ ಕೊಡಿ. ಬಫಲೋಗೆ ಕಾಲು ಕೆ.ಜಿ. ಸಾಕು. ಮೆಕ್ಸಿಕನ್‌ಗೆ ಬೇಡ.

ಕಲ್ಯಾಣ ಮಂಟಪದವರಿಗೆ ಒಂದು ಮಾತು. ಏಪ್ರಿಲ್-ಮೇ ಮದುವೆಗಳಲ್ಲಿ ಶಾಮಿಯಾನದ ಕಂಬ, ಊಟದ ಮೇಜು, ಸಾವಿರಾರು ಕಾಲುಗಳ ತುಳಿತದಿಂದ ನೆಲ ಗಟ್ಟಿಯಾಗಿರುತ್ತದೆ. ಆಷಾಢದಲ್ಲಿ ಮದುವೆಗಳಿಲ್ಲ, ನಿಮ್ಮ ಲಾನಿಗೆ ಬಿಡುವು ಸಿಗುವುದು ಆಗ. ಆಷಾಢ ಹುಟ್ಟುತ್ತಲೇ ಕವೆಗೋಲಿನಂಥ ಸಲಾಕೆಯಿಂದ ನೆಲವನ್ನು ಅರ್ಧ ಅಡಿಗೊಂದರಂತೆ ಚುಚ್ಚಿ, ಆ ತೂತುಗಳಿಗೆ ಮರಳು ಬೆರೆತ ಎರೆಗೊಬ್ಬರ ತುಂಬಿಸಿ. ಮೇಲೆ ಕಾಲು ಕೆ.ಜಿ. ಯೂರಿಯಾ, ಕಾಲು ಕೆ.ಜಿ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎರಚಿ. ಶ್ರಾವಣದ ಲಗ್ನಗಳಿಗೆ ಹುಲ್ಲು ಕೂಡಿಕೊಂಡಿರುತ್ತದೆ.

ಆರಿದ್ರಾದಿಂದ ಆಶ್ಲೇಷವರೆಗೆ: ಕೈ ಬಿಗಿ ಹಿಡಿಯಿರಿ

ಮುಂಗಾರಿನ ಈ ದಿನಗಳಲ್ಲಿ ಘಟ್ಟದ ಆಚೆ ಸುರಿಯುವ ಮಳೆಯ ಒಂದು ಪಾಲೂ ನಮಗೆ ಬರುವುದಿಲ್ಲ. ವಯನಾಡಿನ ಮಳೆಗೆ ಕಬಿನಿ ತುಂಬಿ ಕಪಿಲೆ ಉಕ್ಕುತ್ತಾಳೆ, ನಮ್ಮ ಅಂಗಳದಲ್ಲಿ ಮಾತ್ರ ಮೋಡ, ಗಾಳಿ, ಸೋನೆ. ಬಿಸಿಲಿಲ್ಲದ ಈ ತಂಪಿನಲ್ಲಿ ಯೂರಿಯಾ ಕೊಟ್ಟರೆ ಎಲೆ ಮೆದುವಾಗಿ, ದುಂಡನೆಯ ಕಂದು ಮಚ್ಚೆಗಳ ಶಿಲೀಂಧ್ರ ರೋಗಕ್ಕೆ ಸುಲಭದ ತುತ್ತಾಗುತ್ತದೆ. ಗರಿಕೆ ಬಿಸಿಲು ಬೀಳುವ ಜಾಗದಲ್ಲಿದ್ದರೆ ಜುಲೈ ಕೊನೆಗೆ ಕಾಲು ಕೆ.ಜಿ. ಕೊಡಬಹುದು. ಆಷಾಢದಲ್ಲಿ ನೆಲ ಚುಚ್ಚಿದ ಮಂಟಪದ ಲಾನ್ ಬಿಟ್ಟರೆ ಉಳಿದವಕ್ಕೆ ಏನೂ ಬೇಡ.

2018 ಮತ್ತು 2019ರ ಆಗಸ್ಟ್‌ನಲ್ಲಿ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ಹೊಳೆ ನೀರು ನುಗ್ಗಿದ್ದು ನಮಗೆಲ್ಲ ನೆನಪಿದೆ. ಅಂಥ ಕಡೆ ನೀರು ಇಳಿದ ಮೇಲೆ ಮೆಕ್ಕಲನ್ನು ಬೇಗ ಗುಡಿಸಿ ತೆಗೆಯಬೇಕು. ಅರ್ಧ ಅಂಗುಲಕ್ಕಿಂತ ದಪ್ಪ ಕೂತರೆ ಹುಲ್ಲು ಉಸಿರುಗಟ್ಟಿ ಕೊಳೆಯುತ್ತದೆ. ಮೆಕ್ಕಲಿನಲ್ಲೇ ಸತ್ವವಿರುವುದರಿಂದ ಹೊಸ ಎಲೆ ಬರುವವರೆಗೆ ಬೇರೆ ಗೊಬ್ಬರ ಬೇಡ.

ಉತ್ತರೆ, ಹಸ್ತ: ಎರಡನೇ ಸುಗ್ಗಿ

ನಮ್ಮ ಸೀಮೆಗೆ ಮೇ ತಿಂಗಳಂತೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲೂ ಒಳ್ಳೆಯ ಮಳೆ. ಬಿಸಿಲೂ ಮಳೆಯೂ ಹದವಾಗಿ ಬೆರೆತ ಕಾಲ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದೊಳಗೆ ಗರಿಕೆ, ಬಫಲೋ ಎರಡಕ್ಕೂ ಅರ್ಧ ಕೆ.ಜಿ. ಯೂರಿಯಾ, ಮೆಕ್ಸಿಕನ್‌ಗೆ ಕಾಲು ಕೆ.ಜಿ. ಕೊಡಿ. ಭಾರಿ ಮಳೆಯ ಮುನ್ಸೂಚನೆ ಇದ್ದ ದಿನ ಬೇಡ. ಜೋರು ಮಳೆಗೆ ಅದು ಚರಂಡಿಗೆ, ಅಲ್ಲಿಂದ ಹೊಳೆಗೆ ಹೋಗುತ್ತದೆ. ಕೆಳದಂಡೆಯ ಊರುಗಳು ಅದೇ ನೀರನ್ನು ಬಳಸುತ್ತವೆ. ಹೊಳೆ, ನಾಲೆಯ ಅಂಚಿನಲ್ಲಿ ಲಾನ್ ಇದ್ದವರು ಕೊನೆಯ ಹತ್ತು ಅಡಿಗೆ ಗೊಬ್ಬರ ಹಾಕದೆ ಬಿಡಿ.

ದೀಪಾವಳಿ ಹೊತ್ತಿಗೆ ಗರಿಕೆಗೆ ಕಡೆಯ ಸಲ ಕಾಲು ಕೆ.ಜಿ. ಯೂರಿಯಾ ಜೊತೆ ಕಾಲು ಕೆ.ಜಿ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಕೊಡಿ. ಉಳಿದ ಎರಡಕ್ಕೆ ಪೊಟ್ಯಾಷ್ ಮಾತ್ರ. ಮುಂದಿನ ಒಣಹವೆಯನ್ನು ತಡೆಯಲು ಬೇರಿಗೆ ಅದು ಬಲ ಕೊಡುತ್ತದೆ.

ಡಿಸೆಂಬರ್, ಜನವರಿಯಲ್ಲಿ ರಾತ್ರಿ ಉಷ್ಣತೆ 15-16 ಡಿಗ್ರಿಗೆ ಇಳಿದಾಗ ಹುಲ್ಲು ಮಂಕಾಗುವುದು ಸಹಜ. ಯೂರಿಯಾ ಬೇಡ. ಆದರೆ ನರ ಹಸಿರಾಗಿದ್ದು ನಡುವೆ ಹಳದಿಯಾಗಿದ್ದರೆ ಅದು ಕಬ್ಬಿಣದ ಕೊರತೆ. ಕ್ಷಾರ ಮಣ್ಣು, ಗಡಸು ನೀರು ಇರುವ ಕಡೆ ಸಾಮಾನ್ಯ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಒಂದು ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಸಿಂಪಡಿಸಿ. ಟೈಲ್ಸ್, ಸಿಮೆಂಟ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಜಾಗ್ರತೆ.

ಎರಚುವ ಕ್ರಮ

ಹುಲ್ಲಿನ ಮೇಲೆ ಇಬ್ಬನಿಯಾಗಲಿ ನೀರಾಗಲಿ ಇರಬಾರದು. ತೇವದ ಎಲೆಗೆ ಅಂಟಿದ ಕಾಳು ಅಲ್ಲೇ ಸುಡುತ್ತದೆ. ನೆಲದಲ್ಲಿ ಮಾತ್ರ ತೇವವಿರಲಿ. ಗೊಬ್ಬರಕ್ಕೆ ನಾಲ್ಕರಷ್ಟು ಒಣ ಮರಳು ಬೆರೆಸಿ ಎರಡು ಪಾಲು ಮಾಡಿ. ಒಂದನ್ನು ಪೂರ್ವ-ಪಶ್ಚಿಮವಾಗಿ ನಡೆಯುತ್ತ, ಇನ್ನೊಂದನ್ನು ಉತ್ತರ-ದಕ್ಷಿಣವಾಗಿ ನಡೆಯುತ್ತ ಎರಚಿದರೆ ಪಟ್ಟೆ ಪಟ್ಟೆ ಕಾಣುವುದಿಲ್ಲ. ಕೂಡಲೇ ನೀರು ಕೊಡಿ. ನೇರ ಗೋಡೆಯ ಲೋಟವೊಂದನ್ನು ಹುಲ್ಲಿನ ಮೇಲಿಟ್ಟು, ಅದರಲ್ಲಿ ಅರ್ಧ ಸೆಂಟಿಮೀಟರ್ ನೀರು ನಿಂತರೆ ಸಾಕು.

ಕತ್ತರಿಸಿದ ಸಣ್ಣ ಎಲೆಗಳನ್ನು ಅಲ್ಲೇ ಬಿಟ್ಟರೆ ವರ್ಷದ ಸಾರಜನಕದ ಕಾಲು ಭಾಗದಷ್ಟು ಮರಳಿ ನೆಲ ಸೇರುತ್ತದೆ. ದನಕ್ಕೆ ಹಾಕುವ ಅಭ್ಯಾಸವಿದ್ದವರು ಗೊಬ್ಬರ ಹಾಕಿ ಮೂರು ವಾರ ಹಾಕಬೇಡಿ. ಯೂರಿಯಾ ಚೀಲವನ್ನು ಕೊಟ್ಟಿಗೆಯಿಂದ ದೂರ, ಬಾಯಿ ಕಟ್ಟಿಡಿ. ಚೆಲ್ಲಿದ ಯೂರಿಯಾ ನೆಕ್ಕಿದ ದನ ಕೆಲವೇ ತಾಸುಗಳಲ್ಲಿ ಸಾಯಬಹುದು.

ಹೊಸದಾಗಿ ಹಾಸುವವರಿಗೆ

ಜೂನ್-ಜುಲೈ ಒಳ್ಳೆಯ ಕಾಲ. ನೆಲ ಸಿದ್ಧ ಮಾಡುವಾಗಲೇ ಗುಂಟೆಗೆ ಎರಡು ಕೆ.ಜಿ. ಸೂಪರ್ ಫಾಸ್ಫೇಟ್, ಜೊತೆಗೆ ಕಳಿತ ಗೊಬ್ಬರವನ್ನು ಮಣ್ಣಿನಲ್ಲಿ ಅರ್ಧ ಅಡಿ ಆಳಕ್ಕೆ ಬೆರೆಸಿಬಿಡಿ. ರಂಜಕ ಬೇಕಾಗುವುದು ಬೇರಿಳಿಸುವ ಈ ಹಂತದಲ್ಲೇ. ಹಾಸಿದ ನಾಲ್ಕು ವಾರ ಯೂರಿಯಾ ಮುಟ್ಟಬೇಡಿ. ಒಂದು ಮೂಲೆ ಹಿಡಿದು ಮೆಲ್ಲಗೆ ಎಳೆದು ನೋಡಿ. ಎದ್ದು ಬಂದರೆ ಇನ್ನೊಂದು ವಾರ ತಡೆಯಿರಿ. ನೆಲ ಹಿಡಿದು ನಿಂತಿದ್ದರೆ ಕಾಲು ಕೆ.ಜಿ.ಯಿಂದ ಶುರು ಮಾಡಿ, ಉತ್ತರೆ ಮಳೆಯಿಂದ ಮೇಲೆ ಹೇಳಿದ ಲೆಕ್ಕಕ್ಕೆ ಸೇರಿಸಿಕೊಳ್ಳಿ.