ಪಾದವನ್ನು ತಿದ್ದುವ ಕೈ

ನಮ್ಮ ಮೊರಬದ ಎರೆ ಭೂಮಿಯಲ್ಲಿ ಮಳೆಗಾಲದ ನಡಿಗೆ ಎಂಥವರಿಗೂ ಕಷ್ಟವೇ. ನಾನು ಉಪಾಧ್ಯಾಯನಾದ ಮೊದಲ ವರ್ಷಗಳಲ್ಲಿ ಹುಡುಗನೊಬ್ಬನು ಆ ಕೆಸರನ್ನು ಪಾದದ ಹೊರ ಅಂಚನ್ನೂರಿ ದಾಟಿ ಶಾಲೆಗೆ ಬರುತ್ತಿದ್ದನು. ಅವನ ಅಂಗಾಲು ಹುಟ್ಟಿನಿಂದಲೇ ಒಳಮುಖವಾಗಿ ತಿರುಗಿತ್ತು. ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದರ ಫಲವೆಂದು ನೆರೆಹೊರೆಯವರು ಆಡಿಕೊಳ್ಳುತ್ತಿದ್ದರು. ತಾಯಿಯೂ ಅದನ್ನೇ ನಂಬಿ ತನ್ನನ್ನು ಹಳಿದುಕೊಳ್ಳುತ್ತಿದ್ದಳು. ನಾನು ಸಮಾಧಾನ ಹೇಳಿದೆನೇ ಹೊರತು ದಾರಿ ತೋರಿಸಲಿಲ್ಲ. ನನಗೂ ತಿಳಿದಿರಲಿಲ್ಲ.

ಇದು ಸೊಟ್ಟಪಾದ. ಸಾವಿರ ಶಿಶುಗಳಲ್ಲಿ ಸುಮಾರು ಒಂದಕ್ಕೆ ಬರುತ್ತದೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಹಿಂದೆ ಇಂಥ ಪಾದವನ್ನು ದೊಡ್ಡ ಶಸ್ತ್ರಚಿಕಿತ್ಸೆಯಿಂದ ನೇರಗೊಳಿಸುತ್ತಿದ್ದರು. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದಲ್ಲಿದ್ದ ಡಾ. ಇಗ್ನೇಷಿಯೊ ಪೊನ್ಸೇಟಿ (1914–2009) ಅವರು, ಹಾಗೆ ಚಿಕಿತ್ಸೆ ಪಡೆದವರನ್ನು ವರ್ಷಗಳ ತರುವಾಯ ಪರೀಕ್ಷಿಸಿದಾಗ ಅವರ ಪಾದಗಳು ಪೆಡಸಾಗಿ ನೋಯುತ್ತಿದ್ದವು. ಕತ್ತಿಗಿಂತ ಮೊದಲು ಕೈ ಕೆಲಸ ಮಾಡಬೇಕೆಂದು ಅವರು ನಿಶ್ಚಯಿಸಿದರು. ಅವರ ತಂದೆ ಸ್ಪೇನಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಮಗನ ಬೆರಳುಗಳಿಗೂ ಆ ತಾಳ್ಮೆ ಬಂದಿತ್ತೆನ್ನಬೇಕು.

ಹಸುಗೂಸಿನ ಪಾದದ ಎಲುಬುಗಳು ಬಹುಪಾಲು ಮೃದ್ವಸ್ಥಿ. ಅವುಗಳನ್ನು ಬಿಗಿದ ತಂತುಗಳು ಮೆಲ್ಲನೆ ಎಳೆದರೆ ಹಿಗ್ಗುತ್ತವೆ. ವೈದ್ಯರು ಹರಡಿನ ಮುಂದೆ ಹೊರಬದಿಗೆ ಉಬ್ಬಿರುವ ಎಲುಬನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಪಾದವನ್ನು ಸ್ವಲ್ಪಸ್ವಲ್ಪವಾಗಿ ಹೊರಗೆ ತಿರುಗಿಸುತ್ತಾರೆ. ಬಂದಷ್ಟನ್ನು ಉಳಿಸಿಕೊಳ್ಳಲು ಬೆರಳುಗಳಿಂದ ತೊಡೆಯವರೆಗೆ ಪ್ಲ್ಯಾಸ್ಟರ್ ಹಾಕುತ್ತಾರೆ. ವಾರಕ್ಕೊಮ್ಮೆ ಬಿಚ್ಚಿ, ತಿದ್ದಿ, ಮತ್ತೆ ಹಾಕುವುದು. ಸಾಮಾನ್ಯವಾಗಿ ಐದಾರು ಸಲ. (ಎರೆಯುವಾಗ ಎಣ್ಣೆ ಹಚ್ಚಿ ಪಾದವನ್ನು ಎಳೆಯುವ ಅಜ್ಜಿಯರ ಪ್ರೀತಿ ದೊಡ್ಡದು; ಆದರೆ ಅದು ಈ ಚಿಕಿತ್ಸೆಯಲ್ಲ.) ಕೊನೆಗೂ ಹಿಮ್ಮಡಿ ಇಳಿಯದಿದ್ದರೆ, ಅದರ ಮೇಲಿನ ಬಿಗಿಯಾದ ಸ್ನಾಯುರಜ್ಜುವನ್ನು ಒಂದು ಚಿಕ್ಕ ಗಾಯದಷ್ಟರಲ್ಲೇ ಕತ್ತರಿಸುತ್ತಾರೆ. ಮೂರು ವಾರ ಪ್ಲ್ಯಾಸ್ಟರಿನಲ್ಲಿರುವಾಗ ಅದು ಉದ್ದವಾಗಿ ಮತ್ತೆ ಕೂಡಿಕೊಳ್ಳುತ್ತದೆ. ಹೆಚ್ಚಿನ ಮಕ್ಕಳಿಗೆ ಬೇಕಾಗುವ ಶಸ್ತ್ರಚಿಕಿತ್ಸೆ ಇಷ್ಟೇ.

ಕಷ್ಟವಿರುವುದು ಅನಂತರ. ಒಂದು ಪಟ್ಟಿಗೆ ಜೋಡಿಸಿದ ಬೂಟುಗಳನ್ನು ಮಗು ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕು ವರ್ಷ ತುಂಬುವವರೆಗೆ ಮಲಗುವಾಗ ತೊಡಬೇಕು. ಬಿಟ್ಟರೆ ಪಾದ ಮತ್ತೆ ಸೊಟ್ಟಗಾಗುತ್ತದೆ.

ನಮ್ಮ ಓಣಿಯ ಎರಡು ವರ್ಷದ ಹುಡುಗಿಗೆ ಹುಬ್ಬಳ್ಳಿಯಲ್ಲಿ ಈ ಚಿಕಿತ್ಸೆಯಾಯಿತು. ಬಿತ್ತನೆಯ ದಿನಗಳಲ್ಲೂ ತಂದೆ ಕೂಲಿ ಬಿಟ್ಟು ವಾರವಾರವೂ ಬಸ್ಸು ಹತ್ತಿದನು. ಮೊನ್ನೆ ಅವಳ ಅಜ್ಜಿ, "ಕಾಲು ನೆಟ್ಟಗ ಆಗೇತ್ರಿ ಮಾಸ್ತರ, ಇನ್ನ ಈ ಬೂಟ ಯಾಕ್ರಿ?" ಎಂದು ಕೇಳಿದಳು. ನಾನು ಹಳೆಯ ವಿದ್ಯಾರ್ಥಿಯ ಕಥೆ ಹೇಳಿದೆನು. ಅಜ್ಜಿ ಮಾತಾಡಲಿಲ್ಲ, ಅಳುವ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಬೂಟಿನ ಪಟ್ಟಿಗಳನ್ನು ಒಂದೊಂದಾಗಿ ಬಿಗಿದು, ಮೇಲೆ ಕೌದಿ ಹೊದಿಸಿದಳು.